ಹದಿನಾರು ಗಂಟೆಯ ಕಾರು

ಬಾಗಲಗುಂಟೆಯ ನಲ್ಲಪ್ಪ ಮೂವತ್ತೊಂದು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಪೀಣ್ಯದ ಸಣ್ಣ ಕಾರ್ಖಾನೆ ಶೆಡ್ಡುಗಳಲ್ಲಿ ದುಡಿಯುವ ಅರ್ಧ ಜನಕ್ಕೆ ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಹೇಳಿಕೊಟ್ಟವನು ತಾನೇ ಎಂಬ ಜಂಬ ಅವನಿಗಿತ್ತು, ಅದು ಸುಳ್ಳೂ ಅಲ್ಲ. ಆದರೆ ಈಚೆಗೆ ಅವನಿಗೊಂದು ಕೊರಗು ಹತ್ತಿಕೊಂಡಿತ್ತು. ಮೊದಲೆಲ್ಲ ಕಲಿತ ಹುಡುಗರು ವರ್ಷ ತುಂಬುವುದರೊಳಗೆ ಹೊಸ ಕಾರಿಗೆ ಹಾರ ಹಾಕಿಕೊಂಡು ಬಂದು, ಅವನ ಕೈಗೆ ಪೇಡದ ಡಬ್ಬಿ ಇಟ್ಟು ಹೋಗುತ್ತಿದ್ದರು. ಈಗ ಹಾಗೆ ಯಾರೂ ಬಂದು ನಾಲ್ಕು ವರ್ಷವೇ ಆಗಿತ್ತು. ಕಲಿಯುವವರಿಗೇನೂ ಬರವಿರಲಿಲ್ಲ. ಕಲಿಯುತ್ತಿದ್ದರು, ಲೈಸೆನ್ಸ್ ತೆಗೆದುಕೊಳ್ಳುತ್ತಿದ್ದರು, ಪರ್ಸಿನಲ್ಲಿಟ್ಟುಕೊಂಡು ಮತ್ತೆ ಬಸ್ಸು ಹತ್ತುತ್ತಿದ್ದರು.

"ಈಗಿನೋರಿಗೆ ಮೊಬೈಲ್ ಬೇಕು, ಬಿರಿಯಾನಿ ಬೇಕು. ಕೂಡಿಡೋ ಬುದ್ಧಿ ಎಲ್ಲೈತೆ?" ಎಂದು ಅವನು ಹೆಂಡತಿ ಚಿಕ್ಕಮುನಿಯಮ್ಮನ ಮುಂದೆ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದ.

ಚಿಕ್ಕಮುನಿಯಮ್ಮ ಬಾಯಿ ಮುಚ್ಚಿಕೊಂಡು ಕೇಳುವ ಹೆಂಗಸಲ್ಲ. "ನೀನು ಕೂಡಿಟ್ಟು ಕಾರು ತಂದ್ಯಾ? ನಿಮ್ಮಪ್ಪನ ಎರಡು ಗುಂಟೆ ಶೆಡ್ಡಿನೋರಿಗೆ ಮಾರಿ ತಂದೆ. ಇಂಗೆ ಮಾತಾಡಕ್ಕೆ ನಾಚ್ಕೆ ಆಗ್ಬೇಕು" ಅನ್ನುತ್ತಿದ್ದಳು. ಅದು ನಿಜವೇ ಆಗಿದ್ದರಿಂದ ನಲ್ಲಪ್ಪ ಪೇಪರು ಎತ್ತಿಕೊಂಡು ಹಜಾರಕ್ಕೆ ಹೋಗಿ ಕೂರುತ್ತಿದ್ದ.

ಇಂಥ ನಲ್ಲಪ್ಪನ ಆಫೀಸಿಗೆ ಒಂದು ಬುಧವಾರ ಮೂವರು ಒಟ್ಟಿಗೆ ಬಂದರು. ಸೌಮ್ಯ, ವೇಣಿ, ಭಾನುಪ್ರಕಾಶ್. ಮೂವರಿಗೂ ಇಪ್ಪತ್ತೇಳರ ಆಸುಪಾಸು, ಮೂವರೂ ಅವನ ಹತ್ತಿರವೇ ಕಾರು ಕಲಿತವರು. ಪೀಣ್ಯ ಎರಡನೇ ಹಂತದಲ್ಲಿ ಚನಬಸಪ್ಪ ಎಂಬುವರ ಶೆಡ್ಡಿನಲ್ಲಿ ಒಂದೇ ಮೆಷಿನ್ನಿನ ಮೇಲೆ ಮೂರು ಪಾಳಿಯಲ್ಲಿ ಕೆಲಸ. ಬೆಳಿಗ್ಗೆ ಆರರಿಂದ ಎರಡರವರೆಗೆ ಸೌಮ್ಯ, ಎರಡರಿಂದ ರಾತ್ರಿ ಹತ್ತರವರೆಗೆ ವೇಣಿ, ಹತ್ತರಿಂದ ಬೆಳಗಿನ ಆರರವರೆಗೆ ಭಾನು. ಅಲ್ಲಿ ಪಾಳಿ ಬದಲಾಗುವ ಪದ್ಧತಿ ಇರಲಿಲ್ಲ, ಸೇರಿದ ಪಾಳಿಯೇ ಖಾಯಂ. ಅವರು ಕಡೆಯುತ್ತಿದ್ದುದು ಹೆಬ್ಬೆರಳಿನಷ್ಟು ದಪ್ಪದ ಒಂದು ಪಿನ್ನು. ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುವುದು ಅದರ ದೆಸೆಯಿಂದ. ಆ ಪಿನ್ನು ಹೋಗುತ್ತಿದ್ದುದು ನಮ್ಮ ದೇಶದಲ್ಲೇ ತಯಾರಾಗುವ ಒಂದು ಸಣ್ಣ ಕಾರಿಗೆ.

"ಸಾರ್, ಆ ಕಾರು ತಗೋಬೇಕು ಅಂತಿದೀವಿ" ಎಂದಳು ಸೌಮ್ಯ.

"ಯಾರು?"

"ಮೂರೂ ಜನ. ಒಂದೇ ಕಾರು."

ನಲ್ಲಪ್ಪ ನಕ್ಕುಬಿಟ್ಟ. ಅವಳು ನಗಲಿಲ್ಲ. ಸೌಮ್ಯ ಹಾಗೆಯೇ, ಕಲಿಯುವಾಗಲೂ ಒಂದು ದಿನವೂ ನಗಲಿಲ್ಲ, ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ. "ಸಾರ್, ನಮ್ಮ ಮೆಷಿನ್ ರೇಟು ಮೂವತ್ತು ಲಕ್ಷ. ನಮ್ಮ ಓನರ್ರೇನು ಭಾರಿ ಸಾವ್ಕಾರ್ರಲ್ಲ. ಹೆಂಗೆ ತಂದ್ರು? ಮೂರು ಪಾಳಿ ಓಡಿಸ್ತಾರೆ, ಅದಕ್ಕೆ ಗಿಟ್ಟುತ್ತೆ. ಕಾರನ್ನ ಮಾತ್ರ ಒಬ್ಬೊಬ್ರೇ ತಗೊಂಡು ದಿನಕ್ಕೆ ಇಪ್ಪತ್ತೆರಡು ಗಂಟೆ ಬೀದೀಲಿ ನಿಲ್ಲಿಸ್ತೀವಿ. ಒಂದೇ ಪಾಳಿ ಓಡಿಸಿದ್ರೆ ಯಾರಿಗೆ ಗಿಟ್ಟುತ್ತೆ ಹೇಳಿ?"

ಲೆಕ್ಕ ಸರಳವಾಗಿತ್ತು. ಪಾಳಿ ಮುಗಿಸಿ ಹೊರಬಂದವರು ಗೇಟಿನಲ್ಲಿ ಕಾರು ತೆಗೆದುಕೊಂಡು ಮನೆಗೆ ಹೋಗಬೇಕು. ಮುಂದಿನ ಪಾಳಿಗೆ ಬರುವಾಗ ಅದೇ ಕಾರಿನಲ್ಲಿ ಬಂದು, ಆಗ ಕೆಲಸ ಮುಗಿಸಿ ಹೊರಟವರ ಕೈಗೆ ಕೀ ಕೊಡಬೇಕು. ಬೆಳಿಗ್ಗೆ ಆರಕ್ಕೆ ಸೌಮ್ಯ ತಂದು ಭಾನುವಿಗೆ, ರಾತ್ರಿ ಹತ್ತಕ್ಕೆ ಭಾನು ತಂದು ವೇಣಿಗೆ, ಮರುದಿನ ಮಧ್ಯಾಹ್ನ ಎರಡಕ್ಕೆ ವೇಣಿ ತಂದು ಸೌಮ್ಯಳಿಗೆ. ಒಬ್ಬೊಬ್ಬರಿಗೂ ದಿನ ಬಿಟ್ಟು ದಿನ ಹದಿನಾರು ಗಂಟೆ. ವಾರದ ರಜೆ ಬಿದ್ದವರು ಗೇಟಿನವರೆಗೆ ಬಂದು ಕೊಟ್ಟು ಹೋಗಬೇಕು. ಶೆಡ್ಡಿನ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ ಎಂಬ ತಾಪತ್ರಯವೂ ಇಲ್ಲ, ಕಾರು ಅಲ್ಲಿ ನಿಲ್ಲುವುದೇ ಇಲ್ಲವಲ್ಲ. ನಲ್ಲಪ್ಪ ಬೆರಳು ಮಡಿಸುತ್ತಾ ಎರಡು ಸಲ ಎಣಿಸಿದ. ಎರಡು ಸಲವೂ ಸರಿಯಾಗಿಯೇ ಬಂತು.

"ಅಷ್ಟೆಲ್ಲಾ ಯಾಕ್ರೋ? ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಅಗ್ಗಕ್ಕೆ ಸಿಗ್ತದೆ."

"ಆರು ವರ್ಷ ಆಯ್ತು ಸಾರ್, ಇದೇ ಪಿನ್ ಮಾಡ್ತಾ" ಎಂದಳು ಸೌಮ್ಯ. "ಒಂದ್ಸಲ ನಾವು ಮಾಡಿದ್ದು ನಮ್ಮ ಕೈಕೆಳಗೇ ತಿರುಗ್ಬೇಕು. ಅದೂ ಯಾರೋ ಸವೆಸಿ ಬಿಟ್ಟ ಮೇಲಲ್ಲ."

ಸೌಮ್ಯಳ ಹೆಸರಿನಲ್ಲಿ ಕಾರು, ಸೌಮ್ಯಳ ಹೆಸರಿನಲ್ಲಿ ಸಾಲ. ಯಾಕೆಂದರೆ ಮಿಕ್ಕಿಬ್ಬರು ಗುತ್ತಿಗೆಯವರು, ಅವರ ಸಂಬಳದ ಚೀಟಿಯನ್ನು ಬ್ಯಾಂಕಿನವರು ತಿರುಗಿಸಿಯೂ ನೋಡಲಿಲ್ಲ. ಅವಳದ್ದೂ ಸಣ್ಣ ಶೆಡ್ಡು ಎಂಬ ಕಾರಣಕ್ಕೆ ಒಬ್ಬರು ಜಾಮೀನು ಬೇಕು ಎಂದಿದ್ದರು. ಮೂವರೂ ಬಂದದ್ದು ಅದಕ್ಕೇ. ನಲ್ಲಪ್ಪ ಯೋಚಿಸಿ ಹೇಳುತ್ತೇನೆ ಎಂದು ಸಾಗಹಾಕಿದ.

ಯೋಚನೆ ಮಾಡುವ ಮೊದಲು ಕಾರನ್ನಾದರೂ ನೋಡೋಣ ಎಂದು ಅವರ ಜೊತೆ ತುಮಕೂರು ರಸ್ತೆಯ ಷೋರೂಮಿಗೆ ಹೋದ. ಅವರಿಗೆ ಅದು ಮೂರನೇ ಭೇಟಿ, ಮೂರು ಭೇಟಿಗೂ ಮೂರು ಬೆಲೆ. ಮೊದಲ ಸಲ ನೋಡಿದ್ದ ಎಲ್ಲಕ್ಕಿಂತ ಅಗ್ಗದ ಮಾಡೆಲ್ಲನ್ನು ಕಂಪನಿ ನಿಲ್ಲಿಸಿಬಿಟ್ಟಿತ್ತು. ಇದ್ದದ್ದಕ್ಕೆ ಏರ್‌ಬ್ಯಾಗ್ ಹೆಚ್ಚಾಗಿತ್ತು, ಹಿಂದೆ ನೋಡುವ ಕ್ಯಾಮೆರಾ ಬಂದಿತ್ತು, ಅವುಗಳ ಮೇಲೆ ರಸ್ತೆ ತೆರಿಗೆ, ವಿಮೆ, ಮತ್ತೊಂದು ಮಗದೊಂದು. ಕಾರಿನ ಬೆಲೆ ವರ್ಷಕ್ಕೆರಡು ಸಲ ಮೆಟ್ಟಿಲು ಹತ್ತುತ್ತಿತ್ತು. ಇವರ ಸಂಬಳ ವರ್ಷಕ್ಕೊಮ್ಮೆ ಕತ್ತೆತ್ತಿ ನೋಡಿ ಸುಮ್ಮನಾಗುತ್ತಿತ್ತು.

"ಈಗ ಎಲ್ರೂ ದೊಡ್ಡ ಗಾಡಿನೇ ಕೇಳ್ತಾರೆ ಮೇಡಂ" ಎಂದ ಸೇಲ್ಸಿನವನು.

"ಎಲ್ರೂ ಅಂದ್ರೆ ಯಾರಣ್ಣ?" ಎಂದಳು ವೇಣಿ. ವೇಣಿ ಮಾತಿನಲ್ಲಿ ಚೂರಿ. "ನಮ್ಮ ಬೀದೀಲಿ ಯಾರೂ ಕೇಳಿಲ್ವಲ್ಲ!"

 ಸೌಮ್ಯ ಇದ್ಯಾವುದಕ್ಕೂ ಕಿವಿಗೊಡದೆ ನೆಲಕ್ಕೆ ಕೂತು, ಕತ್ತು ಓರೆ ಮಾಡಿ ಕಾರಿನ ಮುಂಚಕ್ರದ ಒಳಗೆ ಇಣುಕುತ್ತಿದ್ದಳು. ಎದ್ದಾಗ ಮುಖವೆಲ್ಲ ಅರಳಿತ್ತು. "ನಮ್ದೇ ಸಾರ್" ಎಂದಳು. ಅವಳು ನಕ್ಕದ್ದನ್ನು ನಲ್ಲಪ್ಪ ನೋಡಿದ್ದು ಅದೇ ಮೊದಲು.

ಮನೆಗೆ ಬಂದು ಚಿಕ್ಕಮುನಿಯಮ್ಮನಿಗೆ ಎಲ್ಲ ಹೇಳಿದ. ಮೂರು ಜನ ಮೂರು ದಿಕ್ಕಾದರೆ ಬ್ಯಾಂಕಿನವರು ತನ್ನ ಕತ್ತಿನ ಮೇಲೆ ಕೂರುತ್ತಾರೆ ಎಂದ. ಅವಳು ಅಕ್ಕಿ ಆರಿಸುತ್ತಾ, "ನಮ್ಮ ಮೇಲ್ಮನೆಗಳಿಗೆ ವರ್ಷಾ ವರ್ಷಾ ಬಾಡಿಗೆ ಏರ್ಸ್ತೀವಲ್ಲ, ಆ ಮಕ್ಳ ಮನೆ ಓನರ್ಗಳೂ ಅಂಗೇ ಏರ್ಸ್ತಾರೆ. ಕೂಡಿಡೋ ದುಡ್ಡು ಬಾಡಿಗೆಗೇ ಹೋಯ್ತದೆ, ಅವ್ರ ಕಾರಿನ ಎರಡು ಚಕ್ರ ನಮ್ಮಂತೋರ ಮನೇಲೇ ಐತೆ. ಸೈನ್ ಹಾಕೋದು ಬಿಟ್ಟು ಏನ್ ಯೋಚ್ನೆ ಮಾಡ್ತೀಯ?" ಎಂದಳು.

ನಲ್ಲಪ್ಪ ಸಹಿ ಹಾಕಿದ. ಹಾಕುವ ಮುನ್ನ, ತಮ್ಮ ತಮ್ಮಲ್ಲೇ ಒಂದು ಒಪ್ಪಂದ ಬರೆದು ತನಗೊಂದು ಪ್ರತಿ ಕೊಡಬೇಕೆಂದ. ವೇಣಿ ದುಂಡಗೆ ಎರಡು ಹಾಳೆ ಬರೆದು ತಂದಳು. ಯಾವ ಪಾಳಿಗೆ ಯಾರು, ಕೀ ಕೊಡುವಾಗ ಏನೇನು ನೋಡಬೇಕು, ಪೆಟ್ರೋಲು ಯಾರದ್ದು, ಗೀರು ಬಿದ್ದರೆ ಯಾರು ಹೊಣೆ, ಎಲ್ಲವೂ ಅದರಲ್ಲಿತ್ತು.

ಆಮೇಲಿನ ಎಂಟು ತಿಂಗಳು ಆ ಕಾರು ಗಡಿಯಾರದಂತೆ ನಡೆಯಿತು. ಕಂತು ಒಂದು ದಿನವೂ ತಪ್ಪಲಿಲ್ಲ. ಬಾಗಲಗುಂಟೆಯ ಸರ್ಕಲ್ಲಿನಲ್ಲಿ ಆ ಬೂದು ಬಣ್ಣದ ಕಾರು ಹೋದರೆ ನಲ್ಲಪ್ಪ ಪಕ್ಕದಲ್ಲಿದ್ದವರಿಗೆ, "ನೋಡು, ನನ್ನ ಸ್ಟೂಡೆಂಟ್ಸು" ಎಂದು ತೋರಿಸುತ್ತಿದ್ದ. ಸಹಿ ಹಾಕಲು ಹಿಂದೇಟು ಹಾಕಿದ್ದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಒಂಬತ್ತನೇ ತಿಂಗಳಿಗೆ ಶೆಡ್ಡು ನಿಂತಿತು.

ಸುದ್ದಿ ತಂದವನು ಟೀ ಅಂಗಡಿಯ ಪಾಪಯ್ಯ. ಸಣ್ಣ ಕಾರುಗಳನ್ನು ಕೊಳ್ಳುವವರಿಲ್ಲದೆ ಕಂಪನಿಯ ಯಾರ್ಡಿನಲ್ಲಿ ಸಾಲು ಸಾಲಾಗಿ ನಿಂತಿವೆಯಂತೆ, ಹೊಸ ಪಿನ್ನು ಸದ್ಯಕ್ಕೆ ಬೇಡ ಅಂದರಂತೆ, ಚನಬಸಪ್ಪನವರು ತಿಂಗಳ ಮಟ್ಟಿಗೆ ಬೀಗ ಹಾಕಿದರಂತೆ. ಕಾರು ಮಾಡುವವರಿಗೆ ಕಾರು ಕೊಳ್ಳಲು ಆಗದೆ, ಕೊಳ್ಳುವವರಿಲ್ಲ ಎಂದು ಕಾರು ಮಾಡುವವರ ಕೆಲಸವೇ ಹೋಗುವುದೆಂದರೆ ಇದೆಂಥ ನ್ಯಾಯ ಎಂದು ನಲ್ಲಪ್ಪನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಭಯವೂ ಬಂತು. ಜಾಮೀನು ತನ್ನದು.

ಬೀರುವಿನಿಂದ ಒಪ್ಪಂದದ ಹಾಳೆ ತೆಗೆದು ಓದಿದ. ಗೀರಿಗೆ ನಿಯಮವಿತ್ತು, ಪಂಕ್ಚರಿಗೆ ನಿಯಮವಿತ್ತು. ಮೆಷಿನ್ನೇ ನಿಂತರೆ ಕಾರು ಯಾರ ಹತ್ತಿರ ಇರಬೇಕು ಎಂಬುದಕ್ಕೆ ಒಂದಕ್ಷರ ಇರಲಿಲ್ಲ. ಎಲ್ಲವನ್ನೂ ಪಾಳಿಯ ಮೇಲೆ ಕಟ್ಟಿದ್ದರು. ಈಗ ಪಾಳಿಯೇ ಇಲ್ಲ. ಇನ್ನೇನು, ಬೀಗ ಬಿದ್ದಾಗ ಯಾರ ಕೈಯಲ್ಲಿತ್ತೋ ಅವರದೇ ಕಾರು. ಮಿಕ್ಕಿಬ್ಬರು ಕಂತು ಯಾಕೆ ಕಟ್ಟಬೇಕು ಅನ್ನುತ್ತಾರೆ.

ಸೌಮ್ಯಳಿಗೆ ಫೋನು ಮಾಡಿದ, ಎತ್ತಲಿಲ್ಲ. ಭಾನುವಿನ ಫೋನು ಸ್ವಿಚ್ ಆಫ್. ವೇಣಿಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಎರಡು ದಿನ ಹೀಗೇ ಆದಮೇಲೆ ನಲ್ಲಪ್ಪನಿಗೆ ಊಟ ರುಚಿಸಲಿಲ್ಲ. "ಹೋಗಿ ಕಾರು ತಂದು ನಮ್ಮ ಮನೆ ಮುಂದೆ ನಿಲ್ಲಿಸ್ಕೋತೀನಿ. ಎಲ್ಲಾ ಸರಿಹೋದ್ಮೇಲೆ ತಗೊಂಡು ಹೋಗ್ಲಿ" ಎಂದು ಹೊರಟುನಿಂತ. ಚಿಕ್ಕಮುನಿಯಮ್ಮ ಏನೋ ಹೇಳಲು ಬಂದಳು. ಅವನು ಕೇಳಿಸಿಕೊಳ್ಳದೆ ಸ್ಕೂಟರ್ ಒದ್ದು ಶೆಡ್ಡಿನ ಕಡೆಗೇ ಬಿಟ್ಟ. ಅಕ್ಕಪಕ್ಕದ ಶೆಡ್ಡಿನವರು ಯಾರಾದರೂ ಅವರ ಮನೆ ತೋರಿಸಿಯಾರು ಎಂಬುದು ಅವನ ಲೆಕ್ಕ.

ಗೇಟಿಗೆ ಬೀಗ ಬಿದ್ದಿತ್ತು. ಆ ಬೀಗದ ಮುಂದೆ ಸೌಮ್ಯ ನಿಂತಿದ್ದಳು.

ನಲ್ಲಪ್ಪ ರಸ್ತೆಯ ಆಚೆಗೇ ಸ್ಕೂಟರ್ ನಿಲ್ಲಿಸಿದ. ಎರಡು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಐದು ನಿಮಿಷ ಕಳೆಯುವಷ್ಟರಲ್ಲಿ ಬೂದು ಕಾರು ಬಂತು, ವೇಣಿ ಇಳಿದಳು. ಇಬ್ಬರೂ ಕಾರಿನ ಸುತ್ತ ಒಂದು ಸುತ್ತು ಬಂದರು. ಸೌಮ್ಯ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಒರೆಸಿ ನೋಡಿದಳು. ವೇಣಿ ಕಿಲೋಮೀಟರ್ ಓದಿ ಹೇಳಿದಳು, ಸೌಮ್ಯ ಒಂದು ನೋಟುಬುಕ್ಕಿನಲ್ಲಿ ಬರೆದಳು. ಮೆಷಿನ್ನನ್ನು ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಒಪ್ಪಿಸುವುದು ಹೀಗೇ. ಹಿಂದೆ ನಿಂತದ್ದು ಮಾತ್ರ ಬೀಗ ಹಾಕಿದ ಗೇಟು.

ನಲ್ಲಪ್ಪ ರಸ್ತೆ ದಾಟಿ ಹತ್ತಿರ ಹೋದ. "ಫೋನ್ ಎತ್ತಕ್ಕೆ ಏನ್ರಮ್ಮ ನಿಮಗೆ?" ಎಂದು ಗದರಿದ. ಸಿಟ್ಟು ಆಗಲೇ ಅರ್ಧ ಇಳಿದಿತ್ತು, ದನಿಯಲ್ಲಿ ಮಾತ್ರ ಉಳಿಸಿಕೊಂಡಿದ್ದ.

ಮೂವರೂ ದಿನಗೂಲಿಗೆ ಸೇರಿದ್ದರು. ಸೌಮ್ಯ, ಭಾನು ನೆಲಮಂಗಲದ ಕಡೆಯ ಒಂದು ಗೋಡೌನಿನಲ್ಲಿ, ಅವಳು ಹಗಲು, ಅವನು ರಾತ್ರಿ. ಅಲ್ಲಿ ಮೊಬೈಲನ್ನು ಬಾಗಿಲಲ್ಲೇ ಇಡಿಸಿಕೊಳ್ಳುತ್ತಿದ್ದರು. ಇವತ್ತು ಸೌಮ್ಯ ಅರ್ಧ ದಿನ ರಜೆ ಕೇಳಿ ಬಂದಿದ್ದಳು. ವೇಣಿ ಒಂದು ಗಾರ್ಮೆಂಟ್ಸಿನಲ್ಲಿ, ಮಧ್ಯಾಹ್ನದ ಮೇಲೆ ಸಂಜೆಯವರೆಗೆ, ಅಲ್ಲೂ ಫೋನು ಎತ್ತುವ ಹಾಗಿರಲಿಲ್ಲ. ಈ ತಿಂಗಳ ಕಂತು ಆಗಲೇ ಕಟ್ಟಿಯಾಗಿತ್ತು.

"ಶೆಡ್ಡೇ ಮುಚ್ಚೈತೆ, ಇಲ್ಲಿಗ್ಯಾಕೆ ಬಂದು ಕೊಡ್ತೀರಿ?"

"ಗೇಟ್ ಮುಚ್ಚಿದ್ರೆ ಗಂಟೆ ಮುಚ್ಚುತ್ತಾ ಸಾರ್?" ಎಂದಳು ವೇಣಿ. "ಮೆಷಿನ್ ನಿಲ್ಲುತ್ತೆ ಅಂತ ಬರೆಯೋಕೆ ನಂಗೆ ಹೊಳೀಲೇ ಇಲ್ಲ, ತಪ್ಪು ನಂದೇ. ನಿಂತಾಗ ಮೂರೂ ಜನ ಕೂತು ಮಾತಾಡಿದ್ವಿ. ಒಂದಿನ ಬಿಟ್ರೆ ನಾಳೆ ಒಬ್ಬರಿಗೊಂದು ನೆಪ ಸಿಗುತ್ತೆ. ಅದಕ್ಕೇ ಏನೂ ಬದಲಾಯಿಸ್ಬಾರ್ದು ಅಂದ್ಕೊಂಡ್ವಿ. ರಾತ್ರಿ ಹತ್ತರದ್ದು ಮಾತ್ರ ಭಾನು ನಮ್ಮನೆ ಬಾಗ್ಲಿಗೇ ತಂದು ಕೊಡ್ತಾನೆ."

ಒಳ್ಳೆಯ ಮನುಷ್ಯನಾಗಿದ್ದರೆ ನಲ್ಲಪ್ಪ ಅಲ್ಲಿಗೇ ಸುಮ್ಮನಾಗಬೇಕಿತ್ತು. ಆದರೆ ಮನೆಯಲ್ಲಿ ಹೆಂಡತಿಯ ಮುಂದೆ ಕಾರು ತರುತ್ತೇನೆಂದು ಬಾಯಿಬಿಟ್ಟು ಬಂದಿದ್ದ, ಹಟ ಇನ್ನೂ ಗಂಟಲಲ್ಲಿತ್ತು. "ಅದೆಲ್ಲಾ ಇರ್ಲಿ. ಜಾಮೀನು ನಂದು. ಕೆಲ್ಸ ಸರಿಹೋಗೋ ತನಕ ಕಾರು ನಮ್ಮನೆ ಮುಂದೆ ಇರ್ಲಿ" ಎಂದ.

 ವೇಣಿ ಸೌಮ್ಯಳ ಕಡೆ ನೋಡಿದಳು. ಸೌಮ್ಯ ಕೈಯಲ್ಲಿದ್ದ ಕೀಯನ್ನು ಒಂದು ಗಳಿಗೆ ನೋಡಿ, ನಲ್ಲಪ್ಪನ ಮುಂದೆ ಹಿಡಿದಳು.

"ತಗೊಳ್ಳಿ ಸಾರ್. ಈಗಿಂದ ನಂದು ಹದಿನಾರು ಗಂಟೆ. ನನ್ನದನ್ನ ನಾನು ಯಾರಿಗಾದ್ರೂ ಕೊಡ್ಬೋದು. ಆದ್ರೆ ನಾಳೆ ಬೆಳಿಗ್ಗೆ ಆರಕ್ಕೆ ಭಾನುದು. ಅದನ್ನ ಕೊಡೋಕೆ ನಂಗೆ ಹಕ್ಕಿಲ್ಲ. ಆರು ಗಂಟೆಗೆ ಇಲ್ಲಿ ತಂದು ಅವನ ಕೈಗೆ ಕೊಡಿ, ಆಮೇಲೆ ನಿಮ್ಮ ಮಾತು ಅವನ ಹತ್ರ ಆಡಿ."

ದನಿ ಏರಲಿಲ್ಲ, ಕಣ್ಣು ತುಂಬಲಿಲ್ಲ. ನಲ್ಲಪ್ಪ ಕೀ ತೆಗೆದುಕೊಂಡ. ಯಾಕೆ ತೆಗೆದುಕೊಂಡೆನೋ ಎಂದು ತೆಗೆದುಕೊಂಡ ಕ್ಷಣದಿಂದಲೇ ಅನ್ನಿಸತೊಡಗಿತು. ಸ್ಕೂಟರನ್ನು ಪಕ್ಕದ ಶೆಡ್ಡಿನಲ್ಲಿ ಬಿಟ್ಟು ಕಾರು ಹತ್ತಿದ. ಕನ್ನಡಿಯಲ್ಲಿ ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದು ಹೋಗುವುದು ಕಂಡಿತು.

ಮೂವತ್ತೊಂದು ವರ್ಷದಲ್ಲಿ ಅವನು ಎಷ್ಟೋ ಕಾರು ಓಡಿಸಿದ್ದ. ಇಂಥ ಕಾರು ಓಡಿಸಿರಲಿಲ್ಲ. ಮೂರು ಜನ ಓಡಿಸುವ ಗಾಡಿ ಎಂದರೆ ಮೂರು ಥರ ಕೆಟ್ಟಿರಬೇಕು. ಇದರ ಗೇರು ಬೆಣ್ಣೆಯಂತಿತ್ತು, ಸೀಟಿನ ಕೆಳಗೆ ಒಂದು ಚೂರು ಕಸವಿರಲಿಲ್ಲ. ತಿರುವಿನಲ್ಲಿ ಸ್ಟೇರಿಂಗ್ ಎಷ್ಟು ಹಗುರವಾಗಿ ಬಂತೆಂದರೆ, ಅದರ ತುದಿಯಲ್ಲಿ ಆ ಹುಡುಗಿ ಮಾಡಿದ ಪಿನ್ನು ಇದೆ ಎಂಬುದು ನೆನಪಾಗಿ ಅವನು ವೇಗ ತಗ್ಗಿಸಿದ.

ಮನೆ ಮುಂದೆ ಕಾರು ನಿಂತದ್ದನ್ನು ಕಂಡು ಚಿಕ್ಕಮುನಿಯಮ್ಮ ಬಾಗಿಲಿಗೆ ಬಂದಳು. "ಗೆದ್ದು ಬಂದ್ಯಾ?" ಎಂದಳಷ್ಟೇ. ನಡೆದದ್ದನ್ನು ಅವನು ಹೇಳಿದ.  ಆಮೇಲೆ, "ನಾಕು ಮುಕ್ಕಾಲಿಗೆ ಎಬ್ಬಿಸ್ತೀನಿ. ಬೆಳಿಗ್ಗೆ ಆ ಹುಡುಗನ ಮುಂದೆ ಲೇಟಾಗಿ ಹೋಗಿ ನಮ್ಮ ಮಾನ ಕಳೀಬ್ಯಾಡ" ಎಂದಳು.

ಡ್ರೈವಿಂಗ್ ಕ್ಲಾಸಿಗೆ ಒಂದು ದಿನವೂ ಹೇಳಿದ ಹೊತ್ತಿಗೆ ಹೋಗದ ನಲ್ಲಪ್ಪ ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿನ ಮುಂದಿದ್ದ. ಗಾಜು ಒರೆಸಿದ್ದ, ಪೆಟ್ರೋಲು ತುಂಬಿಸಿದ್ದ. ಭಾನು ಗೋಡೌನಿನಿಂದ ನೇರವಾಗಿ ಬಂದ, ಕಣ್ಣು ಕೆಂಪಾಗಿತ್ತು, ಅಂಗಿಯ ಮೇಲೆಲ್ಲ ರಟ್ಟಿನ ಧೂಳು. ಗೋಡೌನಿನ ಬಾಗಿಲಲ್ಲಿ ಮೊಬೈಲು ವಾಪಸು ಪಡೆದಾಗಲೇ ವೇಣಿಯ ಮೆಸೇಜು ಓದಿರಬೇಕು, ಯಾವುದಕ್ಕೂ ಅಚ್ಚರಿಪಡಲಿಲ್ಲ. "ನಮಸ್ಕಾರ ಸಾರ್" ಎಂದು ಹೇಳಿ ಕಾರಿನ ಸುತ್ತ ಬಂದ. ಹಿಂದಿನ ಎಡ ಚಕ್ರದ ಹತ್ತಿರ ಕೂತು ಗೇಜು ಹಿಡಿದು ನೋಡಿದ.

"ಇದ್ರಲ್ಲಿ ಗಾಳಿ ಎರಡು ಪಾಯಿಂಟ್ ಕಮ್ಮಿ ಇದೆ ಸಾರ್. ನೋಡ್ಲಿಲ್ವಾ?"

ಮೂವತ್ತೊಂದು ವರ್ಷದಿಂದ ಇದೇ ಪ್ರಶ್ನೆಯನ್ನು ಸಾವಿರಾರು ಜನಕ್ಕೆ ಕೇಳಿ ಬೈದವನು ನಲ್ಲಪ್ಪ. "ಇಲ್ಲಪ್ಪ, ನೋಡ್ಲಿಲ್ಲ. ತಪ್ಪಾಯ್ತು" ಎಂದ.

ಭಾನು ನೋಟುಬುಕ್ಕು ತೆರೆದ. ಜೇಬಿನಿಂದ ಪೆನ್ನು ತೆಗೆದ. "ಸಾರ್, ಒಂದು ಮಾತು. ನಿನ್ನೆ ಸೌಮ್ಯ ಅವರಮ್ಮನ್ನ ತುಮಕೂರಿಗೆ ಕರ್ಕೊಂಡು ಹೋಗೋಳಿದ್ಲು. ಅವರ ಚಿಕ್ಕಮ್ಮನ ಮೊಮ್ಮಗೂದು ನಾಮಕರಣ. ಅಮ್ಮಂಗೆ ಮಂಡಿ ನೋವು, ಬಸ್ ಮೆಟ್ಲು ಹತ್ತಕ್ಕಾಗಲ್ಲ. ಆ ದಿನ ತನ್ನ ಪಾಳಿಗೆ ಬೀಳುತ್ತೆ ಅಂತ ತಿಂಗಳಿಂದ ಕಾಯ್ತಿದ್ಲು. ಬಸ್ಸಲ್ಲೇ ಹೋಗವ್ರೆ, ರಾತ್ರಿ ಅಲ್ಲೇ ಉಳ್ಕೊಂಡು ಈಗ ಬಸ್ಸಲ್ಲೇ ವಾಪಸ್ ಬರ್ಬೇಕು."

ನಲ್ಲಪ್ಪ ಹಿಂದಿನ ಮಧ್ಯಾಹ್ನವನ್ನು ನೆನೆದ. ಮುಂದೆ ನಿಂತು ಕೀ ಕೊಡುವಾಗ ಆ ಹುಡುಗಿ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ತಾನು ಖಂಡಿತ ತೆಗೆದುಕೊಳ್ಳುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಕೂಡಿಡುವ ಬುದ್ಧಿ ಇಲ್ಲ ಎಂದು ಇವರನ್ನೇ ಅಲ್ಲವೇ ತಾನು ಹಳಿದದ್ದು! ಗಂಟೆ ಗಂಟೆಯನ್ನೂ ಕೂಡಿಟ್ಟು ಕಾರು ಮಾಡಿಕೊಂಡವರು ಇವರು. ತಾನು ಮಾಡಿದ್ದೇನು, ಅಪ್ಪನ ಮಣ್ಣು ಮಾರಿದ್ದು. ಅವನಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಬಂದವು. ಕಾರನ್ನು ಮನೆ ಮುಂದೆ ನಿಲ್ಲಿಸಿಕೊಳ್ಳುವ ಮಾತನ್ನು ಅವನು ಭಾನುವಿನ ಹತ್ತಿರ ಎತ್ತಲೇ ಇಲ್ಲ.

"ಈ ಹದಿನಾರು ಗಂಟೆ ಯಾರ ಹೆಸರಿಗೆ ಬರೀಲಿ ಸಾರ್?" ಎಂದ ಭಾನು.

"ನನ್ನ ಹೆಸರಿಗೇ ಬರಿ. ಗಾಳಿ ಕಮ್ಮಿ ಇತ್ತು ಅಂತಾನೂ ಬರಿ."

ಭಾನು ಎರಡನ್ನೂ ಬರೆದು, ಸಮಯ ನೋಡಿ ಅದನ್ನೂ ಬರೆದು, ಕಾರು ಹತ್ತಿ ಹೋದ. ಆಗ ನಲ್ಲಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸೌಮ್ಯ. ಹಿಂದೆ ಬಸ್ಸುಗಳ ಸದ್ದು, ಕಂಡಕ್ಟರುಗಳ ಕೂಗು.

"ಸಾರ್, ಆರು ಗಂಟೆ ಆಯ್ತು. ಭಾನುಗೆ ಕಾರು ಕೊಟ್ರಾ?"

"ಕೊಟ್ಟೆ ಕಣಮ್ಮ. ಆರಕ್ಕೆ ಐದು ನಿಮಿಷ ಇರೋವಾಗ್ಲೇ ಕೊಟ್ಟೆ" ಎಂದ ನಲ್ಲಪ್ಪ. ಆಚೆ ಕಡೆಯಿಂದ ಅವಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. "ನೀನು ಅಮ್ಮನ್ನ ಬಸ್ಸು ಹತ್ತಿಸ್ಬೇಡ. ಎಲ್ಲಿದೀಯೋ ಅಲ್ಲೇ ಕೂರ್ಸು. ಸ್ಕೂಲ್ ಕಾರು ತಗೊಂಡು ಈಗಲೇ ಹೊರಟೆ. ಎಂಟಕ್ಕೆ ತುಮಕೂರಲ್ಲಿರ್ತೀನಿ ಅಂತ ಬರ್ಕೋ."